ಹಳೆಯ ಇಟ್ಟಿಗೆ ಗೋಡೆಗೆ ಪೇಂಟ್ ಹೊಡೆಸುವ ಮೊದಲು ನಮ್ಮ ಮನೆಯ ಕಥೆ ಕೇಳಿ

ಇವತ್ತು ಬೆಳಿಗ್ಗೆಯೂ ಮುಂದಿನ ಗೋಡೆಯ ಬುಡದಿಂದ ಒಂದು ಮೊರದಷ್ಟು ಇಟ್ಟಿಗೆ ಪುಡಿ ಗುಡಿಸಿ ಹಾಕಿದೆ. ಎರಡು ವರ್ಷದ ಹಿಂದೆ ಇದೇ ಗೋಡೆಯಿಂದ ಒಂದು ಚಿಟಿಕೆ ಪುಡಿಯೂ ಉದುರುತ್ತಿರಲಿಲ್ಲ. ನೋಡೋಕೆ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಅದನ್ನು ಚಂದ ಮಾಡಿಸಲು ಹೋಗಿ ಏನೇನು ಮಾಡಿಕೊಂಡೆವು ಅಂತ ಬರೆಯುತ್ತಿದ್ದೇನೆ. ಹಳೆಯ ಇಟ್ಟಿಗೆ ಮನೆ ಇರುವವರು ಕೆಲಸ ಶುರು ಮಾಡುವ ಮೊದಲು ಓದಿ.

ಮನೆಗೆ ನೂರು ವರ್ಷ ದಾಟಿದೆ. ಬಣ್ಣ ಕಾಣದ ಕೆಂಪು ಇಟ್ಟಿಗೆ. ಸಂದುಗಳ ಗಾರೆ ಅಲ್ಲಲ್ಲಿ ಉದುರಿತ್ತು. ಕೆಲವು ಕಡೆ ಬೂದಿ ಎರಚಿದ ಹಾಗೆ ಬಿಳಿ ಉಪ್ಪು. ಬಾಗಿಲಿನ ಎಡಕ್ಕೆ, ಸೂರಿನಿಂದ ನೆಲದವರೆಗೆ ಒಂದು ಕಪ್ಪು ಪಟ್ಟೆ, ಅದರ ತುಂಬ ಪಾಚಿ. ಗುತ್ತಿಗೆದಾರ ಬಂದು ಐದು ನಿಮಿಷ ನೋಡಿದ. "ತೊಳೆದು, ಸಂದು ತುಂಬಿ, ವಾಟರ್‌ಪ್ರೂಫ್ ಪೇಂಟ್ ಹೊಡೆದುಬಿಟ್ಟರೆ ಹತ್ತು ವರ್ಷ ಈ ಕಡೆ ತಿರುಗಿ ನೋಡೋದೇ ಬೇಡ" ಅಂದ. ನಾನು ತಲೆಯಾಡಿಸಿದೆ. ನನ್ನ ಹೆಂಡತಿ ಮಾತ್ರ ಒಂದು ಪ್ರಶ್ನೆ ಕೇಳಿದಳು: "ಆ ಕಪ್ಪು ಪಟ್ಟೆ ಅಲ್ಲೊಂದೇ ಕಡೆ ಯಾಕಿದೆ?" "ಹಳೇ ಗೋಡೆ ಅಲ್ವಾ ಮೇಡಂ, ಹಾಗೇ ಇರುತ್ತೆ" ಅಂತ ಉತ್ತರ ಬಂತು. ನಾವೂ ಸುಮ್ಮನಾದೆವು.

ಮೊದಲ ದಿನ ಜೋರಾಗಿ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ತಂದರು. ನೀರು ಬಿದ್ದ ಕಡೆಯೆಲ್ಲ ಗೋಡೆ ಹೊಸದರಂತೆ ಕೆಂಪಾಯಿತು. ಕೆಳಗೆ ಕೆಂಪು ನೀರು ಹರಿಯಿತು. ಖುಷಿಯಿಂದ ಫೋಟೋ ತೆಗೆದೆ. ಆ ಕೆಂಪು ನೀರು ಕೊಳೆಯಲ್ಲ, ಇಟ್ಟಿಗೆಯ ಚರ್ಮ ಅಂತ ನನಗೆ ಗೊತ್ತಿರಲಿಲ್ಲ. ಇಟ್ಟಿಗೆ ಸುಡುವಾಗ ಹೊರಮೈ ಒಳಗಿನದಕ್ಕಿಂತ ಗಟ್ಟಿಯಾಗುತ್ತದೆ. ಹಳೆಯ ಇಟ್ಟಿಗೆಯಲ್ಲಿ ಒಳಗಿನ ಭಾಗ ಇನ್ನೂ ಮೆತ್ತಗೆ. ಆ ಹೊರಪದರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಒಳಗಿನದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ.

ಉಪ್ಪು ಹೋಗಲಿಲ್ಲ ಅಂತ ಮರುದಿನ ಆಸಿಡ್ ಹಾಕಿದರು. ಸಂದುಗಳಲ್ಲಿ ನೊರೆ ಬಂತು. ಕೊಳೆ ಬಿಡ್ತಾ ಇದೆ ಅಂದುಕೊಂಡೆ. ಬಿಡುತ್ತಿದ್ದದ್ದು ಗಾರೆಯ ಸುಣ್ಣ. ಮೇಲಾಗಿ, ಸರಿಯಾಗಿ ತೊಳೆಯದೆ ಬಿಟ್ಟ ಆಸಿಡ್ ಗೋಡೆಯೊಳಗೆ ಹೊಸ ಉಪ್ಪನ್ನೇ ಸೇರಿಸುತ್ತದೆ. ಆ ಬಿಳಿ ಉಪ್ಪಿಗೆ ಬೇಕಾಗಿದ್ದದ್ದು ಒಂದು ಬ್ರಷ್. ಗೋಡೆ ಒಣಗಿದ್ದಾಗ ಒಣ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಉದುರಿದ್ದನ್ನು ಎತ್ತಿ ದೂರ ಹಾಕಬೇಕಿತ್ತು. ಆಮೇಲೆ ಆ ಉಪ್ಪನ್ನು ಹೊರಗೆ ತರುವ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕಿತ್ತು. ನೀರು ನಿಲ್ಲದೆ ಉಪ್ಪು ನಿಲ್ಲುವುದಿಲ್ಲ.

ಮೂರನೇ ದಿನದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಹಳೆಯ ಗಾರೆ ತೆಗೆಯಲು ಗ್ರೈಂಡರ್ ಹಿಡಿದರು. ಬೆರಳಿನಷ್ಟೂ ಅಗಲವಿಲ್ಲದ ಸಂದುಗಳು ಅವು. ಬ್ಲೇಡು ಸ್ವಲ್ಪ ಅತ್ತಿತ್ತ ಹೋದರೆ ಇಟ್ಟಿಗೆಯ ಅಂಚೇ ಹೋಯಿತು. ಹೀಗೆ ಅಗಲವಾದ ಸಂದುಗಳಿಗೆ ಸಿಮೆಂಟ್ ಗಾರೆ ತುಂಬಿದರು. ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತು. ಗಟ್ಟಿ ಅಂದರೆ ಒಳ್ಳೆಯದು ಅಂತಲೇ ನಾವೆಲ್ಲ ಅಂದುಕೊಳ್ಳುವುದು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಈಗ ಎಲ್ಲ ಕಡೆ ಬಳಸುವ ಮಾಮೂಲಿ ಸಿಮೆಂಟಿಗೆ, ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಾದ ಮೇಲೂ ಬಹಳ ಕಾಲ ಮನೆಗಳನ್ನು ಸುಣ್ಣದ ಗಾರೆಯಲ್ಲೇ ಕಟ್ಟುತ್ತಿದ್ದರು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಗೋಡೆ ಕುಡಿದ ನೀರು ಸಂದುಗಳ ಮೂಲಕ ಆರಿ ಹೋಗುತ್ತದೆ. ಉಪ್ಪು ಕಟ್ಟಿದರೂ ಸಂದಿನಲ್ಲೇ ಕಟ್ಟುತ್ತದೆ, ಸವೆದರೂ ಸಂದೇ ಸವೆಯುತ್ತದೆ. ಕೆಲವು ದಶಕಕ್ಕೊಮ್ಮೆ ಗಾರೆ ಬದಲಾಯಿಸಿದರೆ ಇಟ್ಟಿಗೆ ಉಳಿಯುತ್ತದೆ. ಸಿಮೆಂಟ್ ತುಂಬಿದಾಗ ಲೆಕ್ಕ ಉಲ್ಟಾ ಆಗುತ್ತದೆ. ಸಂದಿನ ದಾರಿ ಹೆಚ್ಚುಕಡಿಮೆ ಮುಚ್ಚಿ, ನೀರು ಇಟ್ಟಿಗೆಯ ಮೂಲಕವೇ ಹೊರಗೆ ಬರಬೇಕಾಗುತ್ತದೆ. ಉಪ್ಪು ಇಟ್ಟಿಗೆಯ ಮೈಯೊಳಗೆ ಹರಳುಗಟ್ಟಿ ಮುಖವನ್ನು ಒಳಗಿನಿಂದ ತಳ್ಳುತ್ತದೆ. ಹಿಮ ಬೀಳುವ ಜಾಗವಾದರೆ ಒಳಗಿನ ನೀರು ಹೆಪ್ಪುಗಟ್ಟಿ ಇನ್ನೂ ಬೇಗ ಸಿಡಿಸುತ್ತದೆ.

ಇಷ್ಟು ಮಾಡಿದ ಗೋಡೆಯ ಮೇಲೆ ರಬ್ಬರಿನಂಥ ದಪ್ಪ ಪೇಂಟ್ ಎರಡು ಕೋಟ್ ಬಿತ್ತು. ಉಳಿದಿದ್ದ ದಾರಿಯೂ ಮುಚ್ಚಿತು.

ಕೆಲವು ತಿಂಗಳು ಮನೆ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು, ಸುಳ್ಳು ಹೇಳಲ್ಲ. ಓಡಾಡುವವರು ನಿಂತು ನೋಡುತ್ತಿದ್ದರು. ನಾನೂ ಆಗಾಗ ಕಾರಣವಿಲ್ಲದೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲಿನ ಎಡಕ್ಕೆ ಅಂಗೈ ಅಗಲದ ಗುಳ್ಳೆಗಳು ಎದ್ದವು. ಒಂದನ್ನು ಉಗುರಿನಿಂದ ಒಡೆದೆ, ಒಳಗಿನಿಂದ ನೀರು ಇಳಿಯಿತು. ಪೇಂಟ್ ಎಳೆದರೆ ಅದರ ಬೆನ್ನಿಗೆ ಅಂಟಿಕೊಂಡು ಇಟ್ಟಿಗೆಯ ಮುಖವೂ ಹಕ್ಕಳೆಯಾಗಿ ಬಂತು. ಒಳಗಡೆ ಅದೇ ಗೋಡೆಗೆ ಒತ್ತಿಟ್ಟಿದ್ದ ಬೀರುವಿನ ಹಿಂದೆ ಬೂಸು ಹಿಡಿದಿತ್ತು. ಗುತ್ತಿಗೆದಾರನಿಗೆ ಫೋನ್ ಮಾಡಿದರೆ "ಇನ್ನೊಂದು ಕೋಟ್ ಹೊಡೆಯೋಣ" ಅಂದ. ಎರಡನೇ ಸಲ ಮಾಡಿದಾಗ ಎತ್ತಲೇ ಇಲ್ಲ.

ಕೊನೆಗೆ ಹಳೆಯ ಕಟ್ಟಡಗಳ ಕೆಲಸ ಗೊತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಮುಂದಿನ ಗೋಡೆಯನ್ನು ಜಾಸ್ತಿ ನೋಡಲಿಲ್ಲ, ನೇರ ಹಿಂದಕ್ಕೆ ಹೋದರು. ಹಿತ್ತಲ ಕಡೆಯ ಗೋಡೆಗೆ ನಾವು ಕೈ ಹಚ್ಚಿರಲಿಲ್ಲ. ಅಷ್ಟೇ ವಯಸ್ಸಿನ ಗೋಡೆ, ಒಂದು ಇಟ್ಟಿಗೆಯೂ ಸಿಡಿದಿಲ್ಲ. ಸಂದಿನಿಂದ ಒಂದಿಷ್ಟು ಗಾರೆಯನ್ನು ಮೊಳೆಯಿಂದ ಕೆರೆದು, ಬೆರಳಲ್ಲಿ ಹೊಸಕಿ ನನ್ನ ಅಂಗೈಗೆ ಹಾಕಿದರು. "ಸುಣ್ಣ ಸಾರ್. ಇದಕ್ಕೆ ಸಿಮೆಂಟ್ ಯಾರು ಹಾಕಿದ್ದು?"

ಆಮೇಲೆ ಮುಂದೆ ಬಂದು, ಚಾವಣಿಯ ಮೇಲೆ ಎರಡು ಬಕೆಟ್ ನೀರು ಸುರಿಯಲು ಹೇಳಿದರು. ಮಳೆನೀರು ಇಳಿಯುವ ಪೈಪಿನ ಜಾಯಿಂಟು ಗೋಡೆಯ ಕಡೆಗೆ ಬಿರುಕು ಬಿಟ್ಟಿತ್ತು. ನೀರು ಅರ್ಧಕ್ಕರ್ಧ ಗೋಡೆಯ ಮೇಲೆಯೇ ಇಳಿಯಿತು, ಸರಿಯಾಗಿ ಆ ಕಪ್ಪು ಪಟ್ಟೆ ಇದ್ದ ಜಾಗದಲ್ಲಿ. ಹೆಂಡತಿ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ಆ ಜಾಯಿಂಟನ್ನು ಬದಲಾಯಿಸಲು ಅರ್ಧ ದಿನವೂ ಹಿಡಿಯಲಿಲ್ಲ.

ಉಳಿದದ್ದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಪೇಂಟ್ ತೆಗೆಯಲು ಮರಳು ಹಾರಿಸುವ ಯಂತ್ರ ತರುತ್ತೇವೆ ಅಂತ ಇನ್ನೊಬ್ಬರು ಮುಂದೆ ಬಂದಿದ್ದರು. ಮೇಸ್ತ್ರಿ ಕೈ ಮುಗಿದು ಬೇಡ ಅಂದರು, ಉಳಿದ ಇಟ್ಟಿಗೆಯೂ ಹೋಗುತ್ತಿತ್ತು. ಪೇಂಟ್ ಬಿಡಿಸುವ ಲೇಪವನ್ನು ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ, ಆಮೇಲೆ ಸ್ವಲ್ಪಸ್ವಲ್ಪವೇ ತೆಗೆದೆವು. ಸಿಮೆಂಟನ್ನು ಉಳಿ, ಸುತ್ತಿಗೆಯಲ್ಲೇ ಬಿಡಿಸಬೇಕಾಯಿತು. ಇಟ್ಟಿಗೆ ಒಡೆಯುತ್ತದೆ ಅನ್ನಿಸಿದ ಕಡೆ ಹಾಗೇ ಬಿಟ್ಟರು. ಸಂದನ್ನು ಅದರ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ತುಂಬಿದರು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ, ಬೇಗ ಒಣಗಿದರೆ ಪುಡಿಯಾಗುತ್ತದೆ. ಅದಕ್ಕೇ ದಿನಗಟ್ಟಲೆ ಒದ್ದೆ ಗೋಣಿ ಇಳಿಬಿಟ್ಟಿದ್ದೆವು. ತುಂಬ ಸಿಡಿದ ಕೆಲವು ಇಟ್ಟಿಗೆಗಳನ್ನು ಬಿಡಿಸಿ, ತಿರುಗಿಸಿ, ಹಿಂದಿನ ಮುಖ ಹೊರಗೆ ಬರುವಂತೆ ಕೂರಿಸಿದರು. ಈ ಕೆಲಸ ನೋಡುತ್ತಾ ನಾನು ಒಂದು ಇಡೀ ದಿನ ಕಳೆದಿದ್ದೇನೆ.

ನಿಮ್ಮ ಮನೆಗೆ ಬಂದವರು ಗಾರೆಯನ್ನು ಕೆರೆದು ನೋಡದೆ ಸಿಮೆಂಟ್ ಅಂದರೆ ಅಲ್ಲೇ ನಿಲ್ಲಿಸಿ. ಬಣ್ಣವಿಲ್ಲದ ವಾಟರ್‌ಪ್ರೂಫ್ ದ್ರಾವಣ ಹೊಡೆದರೆ ಗೊತ್ತೇ ಆಗಲ್ಲ ಅಂದರೂ ನಂಬಬೇಡಿ. ಕಣ್ಣಿಗೆ ಕಾಣದಿದ್ದರೂ ಒದ್ದೆ ಗೋಡೆಯೊಳಗೆ ಉಪ್ಪನ್ನು ಅದೂ ಕೂಡಿಹಾಕಬಹುದು. ಬಣ್ಣ ಬೇಕೇ ಬೇಕು ಅಂದರೆ ಸುಣ್ಣವೋ ಸಿಲಿಕೇಟ್ ಪೇಂಟೋ ಇದೆ, ಅವು ತೇವವನ್ನು ಹೊರಗೆ ಬಿಡುತ್ತವೆ. ಏನೇ ಹಚ್ಚುವುದಾದರೂ ಮೊದಲು ಕಾಣದ ಕಡೆ ಒಂದು ಮೊಳದಷ್ಟು ಜಾಗಕ್ಕೆ ಹಚ್ಚಿ ಒಂದು ಮಳೆಗಾಲ ಬಿಡಿ. ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಿದ್ದರೆ ಮಣ್ಣು ತೆಗೆಯಿರಿ, ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ 150 ಮಿಲಿಮೀಟರ್‌ನಷ್ಟಾದರೂ ಕೆಳಗಿರಬೇಕು. ಅಂದಹಾಗೆ, ಕೊನೆಯಲ್ಲಿ ಉಳಿದ ದುಡ್ಡಿಗೆ ಬಾಗಿಲಿಗೂ ಕಿಟಕಿಗಳಿಗೂ ಕಡು ಹಸಿರು ಬಣ್ಣ ಹೊಡೆಸಿದೆವು. ಈಗ ಬಂದವರು ಮೊದಲು ಹೊಗಳುವುದು ಅದನ್ನೇ.

ಎಡಗಡೆ ಕೆಳಗಿನ ಏಳೆಂಟು ಸಾಲು ಮಾತ್ರ ಇನ್ನೂ ಉದುರುತ್ತಲೇ ಇದೆ. ಒಳಗೆ ಸೇರಿದ ಉಪ್ಪು ಖಾಲಿಯಾಗಲು ಕಾಲ ಬೇಕು ಅಂದಿದ್ದಾರೆ ಮೇಸ್ತ್ರಿ. ಮಳೆ ಬಂದಾಗಲೆಲ್ಲ ನನ್ನ ಹೆಂಡತಿ ಕೊಡೆ ಹಿಡಿದು ಹೊರಗೆ ಹೋಗಿ ಪೈಪಿನ ಜಾಯಿಂಟು ನೋಡಿ ಬರುತ್ತಾಳೆ. ಬೆಳಿಗ್ಗೆ ಪೊರಕೆ ಹಿಡಿಯುವುದು ನನ್ನ ಪಾಲು.