18,000 ರೂಪಾಯಿಯ ಪ್ಯಾಕೇಜು, 40 ರೂಪಾಯಿಯ ಜೆರಾಕ್ಸು

ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ನಮ್ಮ ಶಾಲೆಗೆ 18,000 ರೂಪಾಯಿ ಕೊಟ್ಟರು. ಸಮಾಜ ವಿಜ್ಞಾನಕ್ಕೆ ಡಿಜಿಟಲ್ ಪಾಠಗಳ ಪ್ಯಾಕೇಜು ಕೊಳ್ಳೋಣ ಎಂದು ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು ವಾದಿಸಿದವಳು ನಾನೇ. ಪ್ರೊಜೆಕ್ಟರಿನ ಬಲ್ಬು ಬದಲಿಸಿ, ಉಳಿದ ದುಡ್ಡಿಗೆ ಪುಸ್ತಕ ತರೋಣ ಎಂದು ಗಣಿತದ ಮೇಷ್ಟ್ರು ಹೇಳಿದ್ದರು. ಅವರ ಮಾತು ಕೇಳಬೇಕಿತ್ತು. ಈಗ ನವೀಕರಣದ ಬಿಲ್ಲು ಮೇಜಿನ ಮೇಲಿದೆ. ನನ್ನ ಎಂಟನೆಯ ತರಗತಿಯಲ್ಲಿ ಮಾತ್ರ ಓಡುತ್ತಿರುವುದು 1894ರಲ್ಲಿ ಅಚ್ಚಾದ ಪುಸ್ತಕವೊಂದರ ಜೆರಾಕ್ಸು.

ಒಂದೇ ಪಾಠವನ್ನು ಮೂರು ಬಗೆಯಲ್ಲಿ ಮಾಡಿ ನೋಡಿದೆ. ಪಾಠ ಗಂಗರದು. ‘ಎ’ ವಿಭಾಗಕ್ಕೆ ಪ್ಯಾಕೇಜು, ‘ಬಿ’ ವಿಭಾಗಕ್ಕೆ ಯೂಟ್ಯೂಬ್ ವಿಡಿಯೊ. ಈ ವರ್ಷದ ಎರಡೂ ವಿಭಾಗಗಳಿಗೆ ಶಾಸನದ ಪುಟ. ನಮ್ಮದು ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ವಿಭಾಗಕ್ಕೆ 38 ಮಕ್ಕಳು. ಬೇರೆ ಕಡೆ ಬೇರೆ ಫಲ ಬಂದೀತು.

ಮೊದಲು ಪ್ಯಾಕೇಜು. ಚಿತ್ರಗಳು ಚೆನ್ನಾಗಿವೆ, ಭೂಪಟ ಇನ್ನೂ ಚೆನ್ನಾಗಿದೆ. ಗಂಗರ ತಲಕಾಡು ಎಲ್ಲಿ, ಯುದ್ಧ ನಡೆದ ತಕ್ಕೋಲಂ ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ಪಾಠದ ಕೊನೆಯ ಪ್ರಶ್ನೆಗಳು ಪರೀಕ್ಷೆಯ ಮಾದರಿಯಲ್ಲೇ ಇವೆ. ಇಷ್ಟು ಹೊಗಳಿಕೆ ಸಾಕು.

ತೊಂದರೆ ಎಂದರೆ ಒಟಿಪಿ. ಪ್ರತಿ ಬಾರಿ ತೆರೆಯುವಾಗಲೂ ನೋಂದಾಯಿತ ಮೊಬೈಲಿಗೆ ಆರು ಅಂಕಿಯ ಸಂಖ್ಯೆ ಹೋಗುತ್ತದೆ. ನೋಂದಾಯಿಸಿದ ಮೊಬೈಲು ಆಗಿನ ಮುಖ್ಯೋಪಾಧ್ಯಾಯರದು. ಅವರು ಜುಲೈನಲ್ಲಿ ನಿವೃತ್ತರಾಗಿ ಮಗಳ ಮನೆಗೆ ಪುಣೆಗೆ ಹೋದರು. ಮೊಬೈಲು ಅವರ ಜೊತೆಗೇ ಹೋಯಿತು, ಒಟಿಪಿಯೂ ಅದರ ಹಿಂದೆಯೇ.

ಆಮೇಲೆ ನನ್ನ ಮೂರನೆಯ ಪಿರಿಯಡ್ ಹೀಗೆ ಶುರುವಾಗುತ್ತಿತ್ತು. ಕಿಟಕಿ ಮುಚ್ಚಿ, ಪ್ರೊಜೆಕ್ಟರ್ ಹಚ್ಚಿ, ಮಕ್ಕಳನ್ನು ಸುಮ್ಮನಾಗಿಸಿ, ವರಾಂಡಕ್ಕೆ ಬಂದು ಪುಣೆಗೆ ಫೋನು. ಅವರು ಮೊಮ್ಮಗನನ್ನು ಶಾಲೆಯಿಂದ ಕರೆತರಲು ಹೊರಟಿರುತ್ತಿದ್ದರು, ಇಲ್ಲವೇ ಬ್ಯಾಂಕಿನ ಸಾಲಿನಲ್ಲಿ ನಿಂತಿರುತ್ತಿದ್ದರು. “ಏನಮ್ಮಾ, ಇವತ್ತು ಗಂಗರೋ ಕದಂಬರೋ?” ಎಂದು ಕೇಳಿ, ಕನ್ನಡಕ ಹುಡುಕಿ, ನಾಲ್ಕು ಅಂಕಿ ಹೇಳುವಷ್ಟರಲ್ಲಿ ಉಳಿದೆರಡಕ್ಕೆ ಸಮಯ ಮೀರುತ್ತಿತ್ತು. ಮತ್ತೊಂದು ಒಟಿಪಿ. ಒಂದು ದಿನ ಮೂರನೆಯದಕ್ಕೂ ಕೂಡಿಬರಲಿಲ್ಲ. ಹೊರಗೆ ಅಟೆಂಡರು ಗಂಟೆ ಹೊಡೆದರು. ‘ಎ’ ವಿಭಾಗದ ಮಕ್ಕಳು ಅಂದು ಗಂಗರ ಬಗ್ಗೆ ಕಲಿತದ್ದೇನೂ ಇಲ್ಲ. ನಮ್ಮ ಹಳೆಯ ಸರ್ ಪುಣೆಯಲ್ಲಿ ಕ್ಷೇಮವಾಗಿದ್ದಾರೆ ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು.

ನಂಬರು ಬದಲಿಸಿ ಎಂದು ಕಂಪನಿಗೆ ಬರೆದೆ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಹಳೆಯ ಮುಖ್ಯೋಪಾಧ್ಯಾಯರ ಸಹಿ ಬೇಕು ಎಂದರು. ಅವರು ಆ ಹುದ್ದೆಯಲ್ಲಿಲ್ಲ ಎಂದೆ. ಹಾಗಾದರೆ ಹೊಸಬರ ಸಹಿಯೊಂದಿಗೆ ಹಳೆಯ ನಂಬರಿಗೆ ಬರುವ ಒಟಿಪಿಯನ್ನೂ ಕಳಿಸಿ ಎಂದರು. ಕಳಿಸಿದೆ. ಎಂಟು ದಿನದ ನಂತರ ಅದೇ ಪತ್ರವನ್ನು ಮತ್ತೊಬ್ಬರು ಕೇಳಿದರು. ಅಲ್ಲಿಗೆ ಕೈಬಿಟ್ಟೆ. ಇಷ್ಟೆಲ್ಲ ಹರಸಾಹಸ ಮಾಡಿ ತೆರೆದ ದಿನವೂ ಆ ಪಾಠ ಗಂಗರನ್ನು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ರಾಜ ಕತ್ತಿ ಎತ್ತುತ್ತಾನೆ, ಇಸವಿ ಮೂಡುತ್ತದೆ, ಮಾಯವಾಗುತ್ತದೆ. ಆ ಇಸವಿ ಗೊತ್ತಾದದ್ದು ಹೇಗೆ ಎಂದು ಒಂದು ಮಗುವೂ ಕೇಳಲಿಲ್ಲ, ಕೇಳಲು ಅದರಲ್ಲಿ ಜಾಗವೇ ಇರಲಿಲ್ಲ.

ಯೂಟ್ಯೂಬ್‌ಗೆ ಒಟಿಪಿಯ ಕಾಟವಿಲ್ಲ. ಹಿಂದಿನ ಸಂಜೆ ಮನೆಯಲ್ಲಿ ಇಳಿಸಿಕೊಂಡು ಬಂದರೆ ಆಯಿತು. ಆದರೆ ಹತ್ತು ವಿಡಿಯೊ ನೋಡಿದರೆ ಒಂದು ಸಿಗುತ್ತದೆ. ಉಳಿದವುಗಳಲ್ಲಿ ಗುಡುಗಿನಂಥ ದನಿ, ತಮಟೆ, ಆಧಾರದ ಸುಳಿವಿಲ್ಲ. ‘ಬಿ’ ವಿಭಾಗದ ಹುಡುಗನೊಬ್ಬ, ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದರಿಂದಲೇ ಬೆಂಗಳೂರಿಗೆ ಆ ಹೆಸರು ಬಂತು, ವಿಡಿಯೊದಲ್ಲಿ ಹೇಳಿದ್ದಾರೆ ಎಂದು ಪಟ್ಟು ಹಿಡಿದ. ಬಲ್ಲಾಳರಾಯನೆಂದರೆ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ, ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೇಳುವುದು ಸುಮಾರು 890ರಲ್ಲಿ, ಗಂಗರ ಕಾಲದಲ್ಲೇ. ಊರ ಹೆಸರಿಗಿಂತ ಅಜ್ಜಿ ಸುಮಾರು ಮುನ್ನೂರು ವರ್ಷ ಚಿಕ್ಕವಳು ಎಂದಾಗ ತರಗತಿ ನಕ್ಕಿತು. ಆ ನಗು ಕೇಳಿದ ಮೇಲೆಯೇ ನನಗೆ ಕಲ್ಲುಗಳ ಕಡೆ ಹೊರಳಬೇಕು ಅನ್ನಿಸಿದ್ದು.

ಮೂರನೆಯದು, ನನ್ನ ಮೆಚ್ಚಿನದು: ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’, ನಮ್ಮ ನಾಡಿನ ಶಾಸನಗಳ ಸಂಪುಟಗಳು. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಬಿಟ್ಟಿಯಾಗಿ ಸಿಗುತ್ತವೆ. ನಾನು ತೆಗೆದುಕೊಂಡದ್ದು 1894ರ ಮೂರನೆಯ ಸಂಪುಟದ ಆತಕೂರು ಶಾಸನ, ಮಂಡ್ಯ ತಾಲ್ಲೂಕಿನ 41ನೆಯದು. ನಾಯಿಯ ಕಲ್ಲು ಎಂದರೆ ನಮ್ಮ ಕಡೆ ಕೆಲವರಿಗಾದರೂ ಗೊತ್ತು.

ಹುಡುಕುವುದು ಸುಲಭವಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆತಕೂರು ಇಂದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ರೈಸ್ ಕಾಲದಲ್ಲಿ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಹಾಗಾಗಿ ಮೈಸೂರು ಜಿಲ್ಲೆಯ ಸಂಪುಟ ತೆಗೆದು ಅದರಲ್ಲಿ ಮಂಡ್ಯ ತಾಲ್ಲೂಕನ್ನು ಹುಡುಕಬೇಕು. ಕನ್ನಡ ಪಾಠ ಒಂದು ಕಡೆ, ರೋಮನ್ ಲಿಪಿಯದು ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ. ಪಿಡಿಎಫ್ ತೋರಿಸುವ ಪುಟಕ್ಕೂ ಪುಸ್ತಕದ ಪುಟಕ್ಕೂ ತಾಳೆಯಿಲ್ಲ. ಮೊದಲ ಸಲ ನನಗೆ ಒಂದು ಭಾನುವಾರದ ಸಂಜೆ ಪೂರ್ತಿ ಹಿಡಿಯಿತು. ಹಾಳೆಯ ಒಂದು ಬದಿಗೆ ಶಾಸನದ ಪಾಠ, ಇನ್ನೊಂದು ಬದಿಗೆ ನಾನೇ ಬರೆದ ಸರಳ ಕನ್ನಡ. ಇಬ್ಬರು ಮಕ್ಕಳಿಗೆ ಒಂದರಂತೆ 19, ನನಗೊಂದು, ಒಟ್ಟು 20 ಹಾಳೆ. ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯಲ್ಲಿ 40 ರೂಪಾಯಿ.

ಶಾಸನದಲ್ಲಿರುವುದು ಇಷ್ಟು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ಕೃಷ್ಣನ ಪರ ಹೋರಾಡಿ ರಾಜಾದಿತ್ಯನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಬೂತುಗನ ಕೆಳಗೆ ಕಾದಿದ ಮಣಲೆರನ ಶೌರ್ಯಕ್ಕೆ ಒಡೆಯ ಮೆಚ್ಚಿ, ಬೇಕಾದ್ದು ಬೇಡಿಕೋ ಎಂದ. ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ಒಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಅದಕ್ಕಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಯನ್ನು ಕಚ್ಚಿ ಹಿಡಿದಿರುವ ಕೆತ್ತನೆಯಿದೆ. ಮೂಲ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹಾಳೆ ಕೈಗೆ ಬಂದ ಕೂಡಲೇ ಮೊದಲ ಬೆಂಚಿನ ಹುಡುಗಿ, “ಇದು ಅಚ್ಚಿನ ತಪ್ಪೇ ಮೇಡಂ?” ಎಂದು ನೂಱು ಎಂಬಲ್ಲಿನ ಱ ತೋರಿಸಿದಳು. ಎೞ್ಪತ್ತಿನಲ್ಲಿದ್ದ ೞ ಕಂಡು ಹಿಂದಿನ ಬೆಂಚು ದಂಗಾಯಿತು. ನಾವು ಬಳಸದೆ ಬಿಟ್ಟ ಅಕ್ಷರಗಳು ಎಂದು ಹೇಳಿದ್ದಕ್ಕೆ, ಯಾರು ಬಿಟ್ಟರು, ಯಾವಾಗ, ಯಾಕೆ ಎಂದು ಸಾಲು ಪ್ರಶ್ನೆಗಳು. ಹತ್ತು ನಿಮಿಷ ಅದಕ್ಕೇ ಹೋಯಿತು.

ಆಮೇಲೆ ಕಾಲದ ಲೆಕ್ಕ. ಶಾಸನ ಹೇಳುವುದು ಶಕ ವರ್ಷ 872, ಸೌಮ್ಯ ಸಂವತ್ಸರ. ಶಕಕ್ಕೆ 78 ಕೂಡಿಸಬೇಕು ಎಂದು ಮಕ್ಕಳಿಗೆ ಗೊತ್ತಿತ್ತು, ಎಲ್ಲರೂ 950 ಎಂದು ಬರೆದರು. ಪುಸ್ತಕಗಳಲ್ಲಿ ತಕ್ಕೋಲಂ ಯುದ್ಧ 949. ಯಾರ ಲೆಕ್ಕ ತಪ್ಪು? ನಾನು ಸುಮ್ಮನೆ ನಿಂತೆ. ಐದು ನಿಮಿಷ ಗದ್ದಲವಾದ ಮೇಲೆ, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗನೊಬ್ಬ ಎದ್ದ. “ನನಗೆ ಹದಿನಾಲ್ಕು ನಡೆಯುತ್ತಿದೆ ಮೇಡಂ, ತುಂಬಿಲ್ಲ. ತುಂಬಿರುವುದು ಹದಿಮೂರೇ” ಎಂದ. ಅಷ್ಟೇ ವಿಷಯ. ಶಾಸನ ಬರೆದಾಗ 872 ನಡೆಯುತ್ತಿತ್ತು, ತುಂಬಿದ್ದು 871, 78 ಕೂಡಿಸಬೇಕಾದದ್ದು ಅದಕ್ಕೆ. ನಡೆಯುವ ವರ್ಷ, ತುಂಬಿದ ವರ್ಷ ಎಂಬ ಈ ವ್ಯತ್ಯಾಸವನ್ನು ನಾನು ಬಿ.ಇಡಿ. ಮುಗಿಸಿ ಆರು ವರ್ಷದ ಮೇಲೆ ತಿಳಿದುಕೊಂಡಿದ್ದೆ.

ಇನ್ನೊಂದು ಸಾಲು ನನಗೇ ತಲೆನೋವು ತಂದಿತು. ರಾಜಾದಿತ್ಯನನ್ನು ಬೂತುಗ ಕೊಂದ ಬಗೆಯನ್ನು ಶಾಸನ ‘ಬಿಸುಗೆಯೆ ಕಳನಾಗಿ’ ಎನ್ನುತ್ತದೆ. ಹಿಂದೆ ಇದನ್ನು ಮೋಸದಿಂದ ಕೊಂದ ಎಂದು ಅರ್ಥ ಮಾಡಿದ್ದರು. ಬಿಸುಗೆ ಎಂದರೆ ಆನೆಯ ಮೇಲಿನ ಪೀಠ, ಅದೇ ರಣಕಳವಾಯಿತು ಎಂಬ ಅರ್ಥ ಆಮೇಲೆ ನಿಂತಿತು. ಚೋಳರ ಕಡೆಯ ದಾಖಲೆಯೂ, ಲೈಡನ್ ತಾಮ್ರಪಟ ಎಂದು ಹೆಸರಾದದ್ದು, ರಾಜಾದಿತ್ಯ ಆನೆಯ ಮೇಲೆಯೇ ಬಾಣ ತಗುಲಿ ಸತ್ತ ಎನ್ನುತ್ತದೆ. ಗೆದ್ದವರ ಕಲ್ಲು, ಸೋತವರ ತಾಮ್ರ, ಎರಡನ್ನೂ ಕಪ್ಪುಹಲಗೆಯ ಮೇಲೆ ಎದುರುಬದುರು ಬರೆದೆ. ಎಂಟನೆಯ ತರಗತಿಯ ಮೊದಲ ಪಾಠದ ಹೆಸರು ‘ಆಧಾರಗಳು’. ಅಲ್ಲಿ ಮಕ್ಕಳು ಲಿಖಿತ, ಪ್ರಾಕ್ತನ ಎಂದು ಉರು ಹೊಡೆದದ್ದಕ್ಕೆ ಈಗ ಜೀವ ಬಂತು.

ಶಾಸನದ ಕೊನೆಯಲ್ಲಿ ಒಂದು ಎಚ್ಚರಿಕೆಯಿದೆ: ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ. “ಗೊರವಯ್ಯ ನಮ್ಮೂರ ಜಾತ್ರೆಗೂ ಬರುತ್ತಾರೆ!” ಎಂದು ಒಬ್ಬ ಕೂಗಿದ. ಶಾಸನದ ಗೊರವ ಶೈವ ಪೂಜಾರಿ ಎಂದು ತಿದ್ದಿದೆ. ಆದರೂ ಸಾವಿರ ವರ್ಷ ಉಳಿದ ಒಂದು ಶಬ್ದ ಅವನಿಗೆ ಮನೆಯದೆನಿಸಿತ್ತು.

ಉಳಿದವುಗಳಿಗೆ ಒಂದೊಂದು ಮಾತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ಸರ್ಕಾರದ ದೀಕ್ಷಾ ಜಾಲತಾಣ, ಪುನರಾವರ್ತನೆಗೆ ಅನುಕೂಲ. ರಾಷ್ಟ್ರೀಯ ಅಭಿಲೇಖಾಲಯದ ‘ಅಭಿಲೇಖ್ ಪಟಲ್’ ಜಾಲತಾಣ ಹತ್ತನೆಯ ತರಗತಿಯ ಸ್ವಾತಂತ್ರ್ಯ ಹೋರಾಟಕ್ಕೆ ಗಣಿ, ಕಡತಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ನಾನು ಮೊದಲು ಓದಿ ಒಂದು ಪುಟ ಕನ್ನಡಕ್ಕೆ ತಂದುಕೊಳ್ಳಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಆ ಭಾಗದ ಶಿಕ್ಷಕರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾವು ಊರ ಹೊರಗಿನ ವೀರಗಲ್ಲಿಗೆ ಸಂಜೆ ಹೋಗಿ ಟಾರ್ಚನ್ನು ಪಕ್ಕದಿಂದ ಹಾಯಿಸಿ ಓದುತ್ತೇವೆ. ಸೀಮೆಸುಣ್ಣ ತಿಕ್ಕಬಾರದು, ಕಲ್ಲು ಸವೆಯುತ್ತದೆ.

ಇನ್ನು ಯಾರಿಗೆ ಯಾವುದು. ನನಗೆ ಹಳಗನ್ನಡದ ರುಚಿಯಿದೆ, ಭಾನುವಾರದ ಸಂಜೆ ಬಿಡುವಿದೆ, ಎರಡೇ ವಿಭಾಗ. ಆದ್ದರಿಂದ ಜೆರಾಕ್ಸು. ವರ್ಷಕ್ಕೆ ಹೀಗೆ ನಾಲ್ಕು ಪಾಠವಾದರೆ ಹೆಚ್ಚು, ಎಲ್ಲ ಪಾಠಕ್ಕೂ ಮಾಡಲು ಹೊರಟರೆ ಸಿಲಬಸ್ಸು ಮುಗಿಯುವುದಿಲ್ಲ. ಈ ಬಾರಿಯ ಕಿರುಪರೀಕ್ಷೆಯಲ್ಲಿ ಅಂಕಗಳೇನೂ ಏರಲಿಲ್ಲ. ಆರು ವಿಭಾಗಕ್ಕೆ ಓಡುವವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಆಯ್ದ ವಿಡಿಯೊ ಬಳಸಿದರೆ ನಾನು ಮೂಗು ಮುರಿಯುವುದಿಲ್ಲ. ಪ್ಯಾಕೇಜು ಕೊಳ್ಳಲೇಬೇಕಾದರೆ ನೋಂದಣಿಗೆ ಶಾಲೆಯ ಹೆಸರಿನಲ್ಲೇ ಒಂದು ಸಿಮ್ ತೆಗೆಸಿ.

ನವೀಕರಣ ಬೇಡ ಎಂದು ಬರೆದುಕೊಟ್ಟಿದ್ದೇನೆ. ಅವಧಿ ಮುಗಿಯಲು ಇನ್ನೂ ಎರಡು ವಾರವಿದೆ, ವಿಜ್ಞಾನದವರು ಜೀರ್ಣಾಂಗದ ಪಾಠಕ್ಕೆ ಆಗಾಗ ತೆರೆಯಲು ನೋಡುತ್ತಾರೆ. ಮೊನ್ನೆ ಪಾಠದ ನಡುವೆ ನನ್ನ ಫೋನು ಗುಂಯ್‌ಗುಟ್ಟಿತು. ಪುಣೆಯಿಂದ. “ಒಟಿಪಿ ಬಂದಿದೆಯಮ್ಮಾ, ಬರೆದುಕೋ.” ನಾನಲ್ಲ ಸರ್, ವಿಜ್ಞಾನದವರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಿನ್ನ ಗಂಗರು ಮುಗಿದರೇನು?” ಎಂದರು.