ಬಟನ್ ದಪ್ಪ ಇದೆ ಅಂತ ಸೈಕಲ್ ಟೈರ್ ಕೊಳ್ಳಬೇಡಿ

ಮೈಸೂರು, ಮಂಡ್ಯ ಕಡೆ ಎಂಟಿಬಿ, ಅಂದರೆ ಬೆಟ್ಟ, ಮಣ್ಣು ದಾರಿಗೆ ಮಾಡಿದ ಮೌಂಟನ್ ಬೈಕ್ ಸೈಕಲ್ ಓಡಿಸುವವರೇ, ಟೈರ್ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಬಟನ್ ಅಂದರೆ ಟೈರಿನ ಮೈಮೇಲೆ ಎದ್ದಿರುವ ರಬ್ಬರ್ ಗುಬ್ಬಿಗಳು. ನನ್ನ ತಮ್ಮನಿಗೆ ಆದದ್ದು ನಿಮ್ಮ ಮನೆಯ ಯಾರಿಗೂ ಆಗಬಾರದು.

ಅವನದು 27.5 ಇಂಚಿನ ಸೈಕಲ್. ಕೊಂಡಾಗ ಬಂದಿದ್ದ ಟೈರುಗಳು ಸವೆದಿದ್ದವು. ಮೈಸೂರಿನ ಒಂದು ಅಂಗಡಿಗೆ ಹೋದೆವು. ಯಾವ ದಾರಿಯಲ್ಲಿ ಓಡಿಸುತ್ತೇವೆ ಅಂತ ಬಿಡಿಸಿ ಹೇಳಿದೆವು. ಅಂಗಡಿಯವರು ಒಳಗಿಂದ ಎರಡು ಟೈರ್ ತಂದು, "ಬೆಟ್ಟ, ಕಲ್ಲು, ಕೆಸರು ಎಲ್ಲಕ್ಕೂ ಇದೇ ಸಾರ್. ಬಟನ್ ನೋಡಿ ಎಷ್ಟು ದಪ್ಪ ಇದೆ. ವರ್ಷಗಟ್ಟಲೆ ಏನೂ ಆಗಲ್ಲ" ಅಂದರು. ಬಿಲ್ ಕೇಳಿದರೆ, ಜಿಎಸ್‌ಟಿ ಸೇರಿದರೆ ನಿಮಗೇ ಜಾಸ್ತಿ ಆಗುತ್ತೆ ಅಂತ ಹೇಳಿ ಒಂದು ಚೀಟಿಯಲ್ಲಿ ಮೊತ್ತ ಗೀಚಿ ಕೊಟ್ಟರು.

ಕೆಲವೇ ವಾರಗಳಲ್ಲಿ ಕರಿಘಟ್ಟದ ತಪ್ಪಲಿನ ಮಣ್ಣು ದಾರಿಯಲ್ಲಿ ಅವನು ಬಿದ್ದ. ಒಣಗಿದ ಕೆಮ್ಮಣ್ಣು, ಮೇಲೆ ಸಣ್ಣ ಜಲ್ಲಿ. ವೇಗ ಏನೂ ಇರಲಿಲ್ಲ, ನಾನು ಹಿಂದೆಯೇ ಇದ್ದೆ. ತಿರುವಿನಲ್ಲಿ ಮುಂದಿನ ಚಕ್ರ ಜಾರಿತು, ಅಷ್ಟೇ. ಹಿಂದಿನ ಚಕ್ರ ಜಾರಿದರೆ ಕಾಲು ಊರಿ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸಮಯವೇ ಸಿಗುವುದಿಲ್ಲ. ಕಾಲರ್ ಬೋನ್ ಮುರಿಯಿತು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು.

ಅವನು ಮಲಗಿದ್ದಾಗ ಮನೆಯಲ್ಲಿ ನಿಂತಿದ್ದ ಸೈಕಲ್‌ನ ಹಿಂದಿನ ಟೈರ್ ಪಕ್ಕದಲ್ಲಿ ಉಬ್ಬಿಕೊಂಡಿತು. ಅದನ್ನು ಮಂಡ್ಯದಲ್ಲಿ ನಮಗೆ ಪರಿಚಯದ ಪಂಕ್ಚರ್ ಅಂಗಡಿಯ ಅಣ್ಣನ ಹತ್ತಿರ ಒಯ್ದೆ. ಅವರು ಬಟನ್ ಮೇಲೆ ಉಗುರು ಊರಿದರು. ಗುರುತೇ ಬೀಳಲಿಲ್ಲ. ಟೈರನ್ನು ಮಡಚಿ ಬೆಳಕಿಗೆ ಹಿಡಿದರು. ಪಕ್ಕದ ತುಂಬಾ ಕೂದಲೆಳೆಯಂಥ ಬಿರುಕು. "ಹಳೇ ಸ್ಟಾಕ್ ಕಣಣ್ಣ ಇದು, ರಬ್ಬರ್ ಸತ್ತೋಗದೆ" ಅಂದರು.

ಇದು ನಿಜಕ್ಕೂ ಆಗುವಂಥದ್ದು. ಬಿಸಿಲು, ಸೆಕೆ, ಗಾಳಿಯಲ್ಲಿರುವ ಓಝೋನ್, ಇವುಗಳಿಂದ ರಬ್ಬರ್ ಕೂತಲ್ಲೇ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಒಂದು ಕಿಲೋಮೀಟರ್ ಓಡದಿದ್ದರೂ ಟೈರ್ ಹಳೆಯದಾಗುತ್ತದೆ. ಕಾರು, ಬೈಕಿನ ಟೈರಿನಲ್ಲಿ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ಇರುತ್ತವೆ. ಸೈಕಲ್ ಟೈರಿನಲ್ಲಿ ಬಹಳಷ್ಟು ಸಲ ಅದು ಇರುವುದಿಲ್ಲ. ಹಾಗಾಗಿ ಉಗುರು ಊರಿ ನೋಡುವುದು, ಮಡಚಿ ನೋಡುವುದು ಬಿಟ್ಟರೆ ನಮಗೆ ಬೇರೆ ದಾರಿ ಕಡಿಮೆ. ಒಳ್ಳೇ ರಬ್ಬರಿನಲ್ಲಿ ಉಗುರು ಸ್ವಲ್ಪ ಇಳಿದು ಗುರುತು ಮತ್ತೆ ಮೇಲೆ ಬರುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಮಾಡಿ ನೋಡಿ.

ಬಟನ್ ದಪ್ಪ ಇದ್ದರೆ ಹಿಡಿತ ಜಾಸ್ತಿ ಅನ್ನೋದು ಅರ್ಧ ಸತ್ಯ. ಕೆಸರಿಗೆ, ಸಡಿಲ ಮಣ್ಣಿಗೆ ಉದ್ದ ಬಟನ್, ನಡುವೆ ಜಾಗ ಬೇಕು, ಒಳಗೆ ಇಳಿಯುತ್ತದೆ, ಕೆಸರೂ ಉದುರುತ್ತದೆ. ಆದರೆ ಗಟ್ಟಿ ನೆಲದಲ್ಲಿ, ಬಂಡೆಯ ಮೇಲೆ ಬಟನ್ ಇಳಿಯುವುದಕ್ಕೆ ಜಾಗವೇ ಇಲ್ಲ. ಅಲ್ಲಿ ರಬ್ಬರ್ ಮೆತ್ತಗಿದ್ದು ಕಲ್ಲಿನ ಏರುತಗ್ಗಿಗೆ ಬಗ್ಗಿ ಹಿಡಿಯಬೇಕು. ಆ ಮೆದುತನವನ್ನು ಶೋರ್ ಎ ಅನ್ನೋ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಕಡಿಮೆಯಾದಷ್ಟು ಮೆತ್ತಗೆ. 50ರ ಆಸುಪಾಸಿನದು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. 60 ದಾಟಿದರೆ ಬಾಳಿಕೆ ಜಾಸ್ತಿ, ಹಿಡಿತ ಕಡಿಮೆ. ಎರಡೂ ಪೂರ್ತಿ ಒಂದೇ ಟೈರಿನಲ್ಲಿ ಸಿಗುವುದಿಲ್ಲ. ಸಿಗುತ್ತದೆ ಅನ್ನುವವರ ಮಾತು ನಂಬಬೇಡಿ. ಡ್ಯುಯಲ್ ಕಾಂಪೌಂಡ್ ಅಂತ ಬರುವ ಹಲವು ಟೈರುಗಳಲ್ಲಿ ನಡುವಿನ ರಬ್ಬರ್ ಗಟ್ಟಿ, ಅಂಚಿನದು ಮೆತ್ತಗೆ. ನಮ್ಮ ಕಡೆಗೆ ಇದು ಒಳ್ಳೇ ರಾಜಿ.

ಯಾಕೆಂದರೆ ನಾವು ಎಲ್ಲಿಗೆ ಹೋಗಬೇಕಾದರೂ ಮೊದಲು ಟಾರು ರಸ್ತೆಯಲ್ಲೇ ಹೋಗಬೇಕು ಅಲ್ವಾ? ಚಾಮುಂಡಿ ಬೆಟ್ಟದ ರಸ್ತೆಯೂ ಟಾರೇ. ಉದ್ದ ಬಟನ್ ಟಾರಿನ ಮೇಲೆ ಅಲುಗಾಡುತ್ತದೆ, ತಿರುವಿನಲ್ಲಿ ಹೆದರಿಸುತ್ತದೆ, ಬೇಗ ತೇಯ್ದೂ ಹೋಗುತ್ತದೆ. ಆಮೇಲೆ ಸಿಗುವುದು ಒಣ ಕೆಮ್ಮಣ್ಣು, ಜಲ್ಲಿ, ವಿಶ್ವೇಶ್ವರಯ್ಯ ನಾಲೆ ಏರಿಯಂಥ ಗಟ್ಟಿ ಮಣ್ಣು ದಾರಿ, ಕುಂತಿ ಬೆಟ್ಟದ ಕಡೆಯ ಬಂಡೆ. ಇದಕ್ಕೆಲ್ಲ ನಡುವೆ ಗಿಡ್ಡ, ಒತ್ತೊತ್ತಾದ ಬಟನ್, ಅಂಚಿನಲ್ಲಿ ಅಲುಗದೆ ನಿಂತ ಬಟನ್ ಇರುವ, ಅಗಲ 2.2 ಇಂಚಿನ ಆಸುಪಾಸಿನ ಟೈರ್ ಸಾಕು. ಮಳೆಗಾಲದಲ್ಲಿ ಗದ್ದೆ ಬದಿಯ ಜೇಡಿಗೆ ಮಾತ್ರ ಅದು ಸೋಲುತ್ತದೆ. ಆ ದಿನಗಳಲ್ಲಿ ಅಲ್ಲಿಗೆ ಹೋಗದಿದ್ದರೆ ಆಯಿತು.

ಬಾಳಿಕೆಗೆ ಇನ್ನೊಂದು ಮುಖ್ಯ ವಿಷಯ ಒಳಗಿನ ನೂಲು. ನಮ್ಮ ಟೈರ್ ಉಬ್ಬಿದ್ದು ಆ ನೂಲು ಹರಿದು. ಒಂದು ಇಂಚಿಗೆ ಎಷ್ಟು ಎಳೆ ಅನ್ನೋದನ್ನು ಟಿಪಿಐ ಅಂತ ಬರೆದಿರುತ್ತಾರೆ. 30ರ ಆಸುಪಾಸು ದಪ್ಪ ಎಳೆ, ಭಾರ. 120 ತೆಳು ಎಳೆ, ಹಗುರ, ನೆಲಕ್ಕೆ ಚೆನ್ನಾಗಿ ಬಗ್ಗುತ್ತದೆ, ಆದರೆ ಕಲ್ಲಿಗೆ ಪಕ್ಕ ಹರಿಯುವ ಭಯ ಜಾಸ್ತಿ. ಜಾಲಿ ಮುಳ್ಳಿನ ನಮ್ಮ ದಾರಿಗಳಿಗೆ 60 ನನಗೆ ಸರಿ ಅನ್ನಿಸುತ್ತದೆ.

ಅಳತೆಯಲ್ಲೂ ಮೋಸ ಹೋಗಬಹುದು. ಇಂಚು ನಂಬಬೇಡಿ, ಪಕ್ಕದಲ್ಲಿ 54-584 ಅಂತ ಇರುವ ಮಿಲಿಮೀಟರ್ ಅಂಕಿ ನೋಡಿ. ಮೊದಲನೆಯದು ಅಗಲ, ಎರಡನೆಯದು ರಿಮ್ ಮೇಲೆ ಕೂರುವ ವ್ಯಾಸ. 27.5ಕ್ಕೆ 584, 29ಕ್ಕೆ 622, ಎಂಟಿಬಿಯ 26ಕ್ಕೆ 559. ಹಳೇ ನಮೂನೆಯ 26 x 1 3/8 ಟೈರ್ 590, ಅದೂ 26 ಇಂಚೇ, ಆದರೆ ಎಂಟಿಬಿ ರಿಮ್‌ಗೆ ಕೂರುವುದಿಲ್ಲ.

ಹೊಸ ಟೈರ್ ಹಾಕಿಸಿದ ಮೇಲೆ ಪೆಟ್ರೋಲ್ ಬಂಕ್‌ನಲ್ಲಿ ಸುಮ್ನೆ ಗಟ್ಟಿಯಾಗಿ ಗಾಳಿ ತುಂಬಿಸಬೇಡಿ. ಟ್ಯೂಬ್ ಇರುವ 2.2 ಟೈರಿಗೆ ಮಣ್ಣು ದಾರಿಯಲ್ಲಿ, ನಿಮ್ಮ ತೂಕ ನೋಡಿಕೊಂಡು, ಸುಮಾರು 30 ಪಿಎಸ್‌ಐ ಸಾಕಾಗುತ್ತದೆ. ತೀರಾ ಕಡಿಮೆ ಮಾಡಿದರೆ ರಿಮ್ ತಾಗಿ ಟ್ಯೂಬಿನಲ್ಲಿ ಜೋಡಿ ತೂತು ಬೀಳುತ್ತದೆ.

ಆ ಅಂಗಡಿಗೆ ಮತ್ತೆ ಹೋದಾಗ "ನೀವು ಓಡಿಸಿದ್ದು ಸರಿಯಿಲ್ಲ, ಬಿಲ್ ಎಲ್ಲಿ?" ಅಂತ ಕೇಳಿದರು. ಬಿಲ್ ಕೊಡದವರೇ ಬಿಲ್ ಕೇಳಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ತಪ್ಪು. ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳದಿರುವುದೂ ತಪ್ಪು. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾವು ಯುಪಿಐನಲ್ಲಿ ಹಣ ಕೊಟ್ಟಿದ್ದರಿಂದ ದಾಖಲೆ ಉಳಿದಿದೆ, ದೂರು ಕೊಟ್ಟಿದ್ದೇವೆ. ನೀವು ನಗದು ಕೊಡುವುದಾದರೆ ಬಿಲ್ ಇಲ್ಲದೆ ಕೊಡಬೇಡಿ.

ತಮ್ಮ ಈಗ ಮತ್ತೆ ಸೈಕಲ್ ಹತ್ತಿದ್ದಾನೆ. ಮುಂದೆ ಮೆತ್ತನೆಯ ಟೈರ್, ಹಿಂದೆ ಸ್ವಲ್ಪ ಗಟ್ಟಿಯದು ಹಾಕಿಸಿದ್ದೇವೆ, ಯಾಕೆಂದರೆ ಹಿಂದಿನದೇ ಬೇಗ ಸವೆಯುವುದು. ಅದು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕಿಸಿ, ಹೊಸದನ್ನು ಮುಂದಕ್ಕೆ ಹಾಕಿಸಬೇಕು. ಕೆಲವು ಅಂಗಡಿಯವರು ಸವೆದ ಹಿಂದಿನ ಟೈರನ್ನೇ ಮುಂದಕ್ಕೆ ಹಾಕಿ ಕೊಡುತ್ತಾರೆ. ಅಲ್ಲೇ ನಿಂತು ನೋಡಿಕೊಳ್ಳಿ, ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ಕಡೆಗೇ ಇದೆಯಾ ಅಂತಲೂ ನೋಡಿ.