ಅಕ್ಷರದ ಆಟದಲ್ಲಿ ಪ್ರೀತಿಸುವವರೇ, ಗಿಫ್ಟ್ ಕಾರ್ಡ್ ಕೇಳಿದ ಕೂಡಲೇ ಎದ್ದುಬನ್ನಿ

ಮೂರು ವಾರದಿಂದ ಎರಡು ಸಾಲು ಬರೆಯುವುದು, ಅಳಿಸುವುದು, ಇದೇ ಆಗಿದೆ. ನಾಚಿಕೆ. ನನಗೆ ನಲವತ್ತೊಂದು ವರ್ಷ. ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಕೂತೇ ಅನ್ನ ಸಂಪಾದಿಸಿದವನು. ಮೋಸದ ಮೇಲ್ ಗುರುತಿಸುವುದು ಹೇಗೆಂದು ಕಚೇರಿಯಲ್ಲಿ ಹೊಸಬರಿಗೆ ಪಾಠ ಹೇಳುವವನೂ ನಾನೇ. ಅಂಥವನು ಮುಖವನ್ನೇ ನೋಡದವಳಿಗೆ ಒಂಬತ್ತು ತಿಂಗಳಲ್ಲಿ 1,150 ಡಾಲರ್ ಕೊಟ್ಟೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ. ನಗುವವರು ಈಗಲೇ ನಕ್ಕುಬಿಡಿ.

ಈ ಆಟ ಆಡುವವರಿಗೆ ನಾನೇನೂ ವಿವರಿಸಬೇಕಿಲ್ಲ. ಉಳಿದವರಿಗೆ ಎರಡು ಮಾತು. ಚಿತ್ರವಿಲ್ಲ, ಧ್ವನಿಯಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಅಷ್ಟೇ. ಹಲವರು ಆನ್‌ಲೈನಿನಲ್ಲಿ ಸೇರಿ, ತಮ್ಮ ತಮ್ಮ ಪಾತ್ರ ಮಾಡಿದ್ದನ್ನೂ ಆಡಿದ್ದನ್ನೂ ಬರೆಯುತ್ತಾ ಆಡುವುದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ಮಡ್ ಆಟದ ವಂಶದವು ಇವು. 1989ರ ಟೈನಿಮಡ್ ಬಂದ ಮೇಲೆ ರಾಕ್ಷಸರನ್ನು ಕೊಂದು ಅಂಕ ಗಳಿಸುವುದಕ್ಕಿಂತ ಕೂತು ಮಾತಾಡುವುದೇ ಮುಖ್ಯವಾದ ಒಂದು ಕವಲು ಬೆಳೆಯಿತು. ಮಷ್ ಎನ್ನುವುದು ಆ ಕವಲಿನದು. ನಾನು ಆಡುತ್ತಿದ್ದುದೂ ಅಂಥದ್ದೇ, ಹದಿನೆಂಟು ದಾಟಿದವರಿಗೆ ಮಾತ್ರ. ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವವನಿಗೆ ಇದಕ್ಕಿಂತ ಅನುಕೂಲದ ಆಟ ಇಲ್ಲ. ಮ್ಯಾನೇಜರ್ ಹಿಂದಿನಿಂದ ಹಾದುಹೋದರೂ ಕೆಲಸವೇ ನಡೆಯುತ್ತಿದೆ ಎಂದುಕೊಳ್ಳುತ್ತಾರೆ.

ಆಟದಲ್ಲಿ ನಾನು ಹಡಗು ದುರಸ್ತಿ ಮಾಡುವ ಬಡಗಿ, ಹೆಸರು ಆರಿನ್. ಆಕೆ ಬಂದರಿನ ಪಕ್ಕದ ಹೆಂಡದಂಗಡಿಯ ಒಡತಿ. ಮೊದಮೊದಲು ಬರೀ ಮಾತು, ಆಮೇಲೆ ಪ್ರೀತಿ, ಆಮೇಲೆ ಬಾಗಿಲು ಹಾಕಿಕೊಂಡ ಕೋಣೆ. ಇದರಲ್ಲಿ ತಪ್ಪೇನೂ ಇಲ್ಲ, ಇಬ್ಬರೂ ವಯಸ್ಕರು. ಆಕೆ ಎಲ್ಲವನ್ನೂ ಕ್ರಮಬದ್ಧವಾಗಿಯೇ ಮಾಡಿದಳು, ಅದೇ ನನ್ನನ್ನು ಕೆಡಿಸಿದ್ದು. ದೃಶ್ಯ ಶುರುವಾಗುವ ಮೊದಲು ಓಓಸಿಯಲ್ಲಿ, ಅಂದರೆ ಪಾತ್ರದಿಂದ ಹೊರಗೆ ಬಂದು, ವಯಸ್ಸು ಕೇಳಿದಳು. ಏನು ಬೇಡ, ಎಲ್ಲಿ ತೆರೆ ಎಳೆಯಬೇಕು ಎಂದು ಕೇಳಿದಳು. ಹೊಸಬರು ಯಾರೂ ಹೀಗೆ ಕೇಳುವುದಿಲ್ಲ. ಇವಳು ತಿಳಿದವಳು, ಮರ್ಯಾದಸ್ಥೆ ಎಂದುಕೊಂಡೆ.

ಒಂದು ರಾತ್ರಿ ಆಟದಲ್ಲಿ ಮಳೆ. ಆರಿನ್ ಬಾಯಲ್ಲಿ ನನ್ನ ಅಜ್ಜಿಯ ಮನೆಯನ್ನು ತಂದುಬಿಟ್ಟೆ. ತೀರ್ಥಹಳ್ಳಿಯ ಕಡೆ, ಅಡಿಕೆ ಸೋಗೆ ಹೊದಿಸಿದ ಕೊಟ್ಟಿಗೆ, ಅದರ ಮೇಲೆ ಮಳೆ ಬಿದ್ದರೆ ಹೆಂಚಿನ ಹಾಗೆ ಸದ್ದಾಗುವುದಿಲ್ಲ, ಯಾರೋ ಪಕ್ಕದಲ್ಲಿ ಪಿಸುಗುಟ್ಟಿದ ಹಾಗೆ ಕೇಳುತ್ತದೆ ಎಂದು ಬರೆದೆ. ಇಂಗ್ಲಿಷಿನಲ್ಲಿ ಸೋಗೆಗೆ ಪದ ಹೊಳೆಯಲಿಲ್ಲ, ‘ಸೋಗೆ’ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಆಕೆ ಪಾತ್ರ ಬಿಟ್ಟು ಹೊರಗೆ ಬಂದು, ‘ಇಷ್ಟು ಚಂದದ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ’ ಎಂದಳು. ವಿಚ್ಛೇದನವಾಗಿ ಆರು ವರ್ಷವಾದವನು ನಾನು. ಅವತ್ತು ಬೆಳಿಗ್ಗೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ. ಸೋಗೆಯ ಆ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಣದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ತಾನು ಕೆನಡಾದಲ್ಲಿ ನರ್ಸ್ ಎಂದಿದ್ದಳು. ಲ್ಯಾಪ್‌ಟಾಪ್ ಕೆಟ್ಟಿತು, ಆಟಕ್ಕೆ ಬರಲಾಗುವುದಿಲ್ಲ ಎಂದಾಗ 150 ಡಾಲರ್. ಆಮೇಲೆ 200, ಮತ್ತೆ 200, 250, ಕೊನೆಗೆ 350. ಎಲ್ಲವೂ ಗಿಫ್ಟ್ ಕಾರ್ಡಿನ ಸಂಖ್ಯೆಗಳ ರೂಪದಲ್ಲಿ. ಬ್ಯಾಂಕ್ ಖಾತೆ ಏಕಿಲ್ಲ ಎಂದು ನಾನು ಕೇಳಲಿಲ್ಲ. ನಮ್ಮ ಅಮ್ಮ ತರಕಾರಿಯವನ ಹತ್ತಿರ ಐದು ರೂಪಾಯಿ ಚಿಲ್ಲರೆಗೂ ಬಿಡದೆ ನಿಲ್ಲುತ್ತಾರೆ. ಅವರ ಮಗ ಕೇಳಲಿಲ್ಲ.

ಈಗ ಆ ರಾತ್ರಿ. ಎರಡು ಗಂಟೆ ದಾಟಿತ್ತು. ಫ್ಲಾಸ್ಕಿನ ಕಾಫಿ ಆರಿ ತಣ್ಣಗಾಗಿತ್ತು. ನಾನು ಬಾಗಿಲು ತಟ್ಟಿದೆ, ಅಂದರೆ ತಟ್ಟಿದೆ ಎಂದು ಬರೆದೆ. ಎರಡೇ ಸೆಕೆಂಡಿನಲ್ಲಿ ಹನ್ನೊಂದು ಸಾಲಿನ ಪೋಸ್, ಅಂದರೆ ಪಾತ್ರ ಏನು ಮಾಡಿತು, ಏನು ಹೇಳಿತು ಎಂಬ ಬರಹ, ಬಂದು ಬಿತ್ತು. ಹನ್ನೊಂದು ಸಾಲು, ಎರಡು ಸೆಕೆಂಡು! ಆಗಲೇ ಎದೆಯಲ್ಲಿ ಏನೋ ಕಚ್ಚಿತು. ಆಕೆ ದೀಪದ ಬತ್ತಿ ಇಳಿಸುತ್ತಾಳೆ, ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಕಣ್ಣು ಒದ್ದೆಯಾಗಿದೆ, ‘ಇಷ್ಟು ದಿನ ಎಲ್ಲಿದ್ದೆ, ಕೇಲನ್?’ ಎನ್ನುತ್ತಾಳೆ.

ಕೇಲನ್. ನಾನು ಆರಿನ್. ಒಂಬತ್ತು ತಿಂಗಳಿಂದ ಆರಿನ್.

ಮೇಲಕ್ಕೆ ಸರಿಸಿ ಮತ್ತೆ ಓದಿದೆ. ಮತ್ತೆ ಓದಿದೆ. ಕೈ ಬೆವರಿತ್ತು. ಯಾರು ಕೇಲನ್ ಎಂದು ಕೇಳಿದೆ. ಐದು ನಿಮಿಷ ಉತ್ತರವಿಲ್ಲ. ಆಮೇಲೆ, ‘ಓ, ಕ್ಷಮಿಸು, ಕೇಲನ್ ನನ್ನ ಪಾತ್ರದ ತಮ್ಮ’ ಎಂದಳು. ತಮ್ಮನಂತೆ! ಬತ್ತಿ ಇಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ತಮ್ಮನನ್ನು ಮಾತಾಡಿಸುವ ಅಕ್ಕನನ್ನು ನಾನು ಎಲ್ಲೂ ಕಂಡಿಲ್ಲ. ಹಾಗೆಯೇ ಬರೆದೆ. ‘ನೀನು ನನ್ನನ್ನು ನಂಬುವುದಿಲ್ಲ ಎಂದಾಯಿತು’ ಎಂದು ಬಂತು. ನೋಡಿ, ತಪ್ಪು ನನ್ನದಾಯಿತು. ನಾನು, ಈ ನಾನು, ಕ್ಷಮೆ ಕೇಳಿದೆ. ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಂಡಿದ್ದೇನೆ.

ಎರಡು ದಿನ ಬಿಟ್ಟು ಕೆಟ್ಟ ಧೈರ್ಯ ಮಾಡಿ ಹಣ ವಾಪಸ್ ಕೇಳಿದೆ. ಉತ್ತರಗಳನ್ನು ಲಾಗ್, ಅಂದರೆ ಪರದೆಯ ಮೇಲೆ ಬಂದದ್ದೆಲ್ಲ ಉಳಿದಿರುವ ಕಡತ, ನೋಡಿಯೇ ಕನ್ನಡದಲ್ಲಿ ಕೊಡುತ್ತಿದ್ದೇನೆ. ಮೊದಲನೆಯದು: ‘ನಿನ್ನನ್ನು ಪ್ರೀತಿಸುತ್ತೇನೆ ಎಂದದ್ದು ಪಾತ್ರ, ನಾನಲ್ಲ. ಇಷ್ಟು ವರ್ಷ ಆಡಿದವನಿಗೆ ಅದೂ ತಿಳಿಯದೇ?’ ನಾನು ಕೇಳಿದೆ, ಹಾಗಾದರೆ ಹಣ ತೆಗೆದುಕೊಂಡದ್ದೂ ಪಾತ್ರವೇ? ಉತ್ತರ: ‘ಕೊಟ್ಟದ್ದೂ ನಿನ್ನ ಪಾತ್ರವೇ ಅಂದುಕೋ, ನೋವು ಕಡಿಮೆಯಾಗುತ್ತದೆ.’ ಈ ಒಂದು ಸಾಲಿಗಾಗಿ ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದೇನೋ. ಹಣ ಹಾಳಾಗಲಿ. ಆಟದ ಒಳಗೆ, ಹೊರಗೆ ಎಂಬ ಗೆರೆಯನ್ನು ನಾವೆಲ್ಲ ಮರ್ಯಾದೆಗಾಗಿ ಎಳೆದುಕೊಂಡಿದ್ದೆವು. ಇವಳಿಗೆ ಅದು ಕಳ್ಳಕಿಂಡಿ. ಕೇಳುವಾಗ ಹೊರಗೆ ಬರುತ್ತಾಳೆ, ಕೇಳಿಸಿಕೊಳ್ಳಬೇಕಾದಾಗ ಒಳಗೆ ಓಡುತ್ತಾಳೆ.

ಆಟ ನಡೆಸುವವರಿಗೂ ದೂರು ಕೊಟ್ಟೆ. ಅವರ ಉತ್ತರ ಮೂರು ಸಾಲು: ಇಬ್ಬರೂ ಒಪ್ಪಿ ಆಡಿದ ದೃಶ್ಯ, ಆಟದ ಹೊರಗಿನ ಹಣಕ್ಕೆ ನಾವು ಹೊಣೆಯಲ್ಲ, ದಯವಿಟ್ಟು ಇತರ ಆಟಗಾರರ ನೆಮ್ಮದಿ ಕೆಡಿಸಬೇಡಿ. ನೆಮ್ಮದಿ ಕೆಡಿಸಿದವನು ನಾನು!

ಆಮೇಲೆ ಕೇಲನ್‌ನನ್ನು ಹುಡುಕಿದೆ. ಪೋಲೆಂಡಿನವನು, ಒಳ್ಳೆಯ ಮನುಷ್ಯ, ಅವನೂ 400 ಡಾಲರ್ ಕಳೆದುಕೊಂಡಿದ್ದಾನೆ. ತನ್ನ ಲಾಗ್ ಕಳುಹಿಸಿದ. ಓದುತ್ತಾ ಹೋದೆ. ನನಗೆ ಬಂದ ಪೋಸ್‌ಗಳೇ, ಹೆಸರು ಮಾತ್ರ ಬೇರೆ. ನಲವತ್ತನೆಯ ಪುಟದ ಹತ್ತಿರ ಮಳೆಯ ದೃಶ್ಯ. ಒಡತಿ ಕೇಲನ್‌ಗೆ ಹೇಳುತ್ತಾಳೆ, ನನ್ನ ಅಜ್ಜಿಯ ಮನೆಗೆ ಸೋಗೆ ಹೊದಿಸಿತ್ತು, ಮಳೆ ಬಿದ್ದರೆ ಯಾರೋ ಪಿಸುಗುಟ್ಟಿದ ಹಾಗೆ. ಸೋಗೆ! ಅದೇ ಪದ, ನಾನು ಬರೆದಿದ್ದ ಅದೇ ಇಂಗ್ಲಿಷ್ ಅಕ್ಷರಗಳಲ್ಲಿ. ಅವನು ನನ್ನನ್ನು ಕೇಳಿದ, ಈ ಸೋಗೆ ಎಂದರೆ ಏನು, ಅವಳನ್ನು ಕೇಳಿದರೆ ಹೇಳಲಿಲ್ಲ ಎಂದು. ಹೇಗೆ ಹೇಳಿಯಾಳು? ಕಂಡಿದ್ದರೆ ತಾನೇ.

ಇಲ್ಲಿಗೂ ಮುಗಿಯಲಿಲ್ಲ. ನಾವಿಬ್ಬರೂ ಮಾತಾಡಿಕೊಂಡದ್ದು ಅವಳಿಗೆ ತಿಳಿಯಿತು. ‘ನಿನ್ನ ಲಾಗ್ ಎಲ್ಲ ನನ್ನ ಬಳಿ ಇದೆ. ನಿನ್ನ ಕಚೇರಿಯ ಹೆಸರನ್ನು ನೀನೇ ಹೇಳಿದ್ದೆ. 300 ಕಳುಹಿಸು, ಮರೆತುಬಿಡುತ್ತೇನೆ.’ ಆಗ ಠಾಣೆಗೆ ಹೋದೆ. ಮಹಿಳೆಯ ಫೋಟೋ ತೋರಿಸಿ ಎಂದರು. ಇಲ್ಲ. ವಿಡಿಯೋ? ಇಲ್ಲ. ಮತ್ತೆ ಏನಿದೆ ಸರ್? ಅಕ್ಷರ ಇದೆ ಎಂದೆ. ಆ ಬೆಂಚಿನ ಮೇಲೆ ಕೂತು, ನನಗಿಂತ ಹತ್ತು ವರ್ಷ ಚಿಕ್ಕವರಿಗೆ ಬಡಗಿ ಮತ್ತು ಹೆಂಡದಂಗಡಿಯ ಒಡತಿಯ ಸಂಬಂಧವನ್ನು ವಿವರಿಸಿದ್ದೇನೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಇನ್ನೊಬ್ಬರ ವೇಷದಲ್ಲಿ ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ, ಬೆದರಿಸಿ ಹಣ ಕೇಳುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 308 ಎಂದು ಬರೆದುಕೊಂಡರು. ಹಣ ಬರುವ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು.

ಹೊಸದಾಗಿ ಆಡುವವರಿಗೆ ಹೇಳುವುದಿಷ್ಟೇ. ಅಲ್ಲಿ ಪಿಸುಮಾತು ಎಂಬುದೇ ಇಲ್ಲ. ಈ ಆಟ ಆಡಲು ಬಳಸುವ ತಂತ್ರಾಂಶ ಮಡ್ಲೆಟ್ ಇರಲಿ, ಮಷ್‌ಕ್ಲೈಂಟ್ ಇರಲಿ, ಎರಡರಲ್ಲೂ ಲಾಗ್ ಉಳಿಸುವ ಸೌಲಭ್ಯ ಇದೆ, ಎದುರಿನವರು ಉಳಿಸುತ್ತಿದ್ದಾರೆ ಎಂದೇ ತಿಳಿಯಿರಿ. ನೀವೂ ಉಳಿಸಿಕೊಳ್ಳಿ. ಊರು, ಕಚೇರಿ, ಅಜ್ಜಿಯ ಮನೆ, ಯಾವುದನ್ನೂ ಕೊಡಬೇಡಿ. ಹಣ ಕೇಳಿದರೆ ಅದು ಪಾತ್ರವಲ್ಲ, ಎದ್ದುಬನ್ನಿ. ಬೆದರಿಕೆ ಬಂದರೆ ಒಂದು ಪೈಸೆಯನ್ನೂ ಕೊಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು 300 ಕೊಡಲಿಲ್ಲ, ಇಲ್ಲಿಯವರೆಗೆ ಕಚೇರಿಗೆ ಏನೂ ಬಂದಿಲ್ಲ. ಬಂದರೆ ಬರಲಿ, ಮ್ಯಾನೇಜರ್‌ಗೆ ನಾನೇ ಹೇಳಿಬಿಟ್ಟಿದ್ದೇನೆ. ಅವರು ಒಂದು ನಿಮಿಷ ಸುಮ್ಮನಿದ್ದು, ಆ ಕಪ್ಪು ಪರದೆ ಅದೇನಾ ಎಂದು ಕೇಳಿದರು.

ಹೆಂಡದಂಗಡಿಯ ಒಡತಿ ಈಗ ಅಲ್ಲಿಲ್ಲ. ಹೋದ ಭಾನುವಾರ ಪೋಲೆಂಡಿನವನು ಸಂದೇಶ ಕಳುಹಿಸಿದ್ದ, ಇನ್ನೊಂದು ಆಟದಲ್ಲಿ ಹೊಸ ಪಾತ್ರ ಬಂದಿದೆಯಂತೆ, ಗಿಡಮೂಲಿಕೆ ಮಾರುವವಳು. ಅವಳ ಗುಡಿಸಲಿನ ವರ್ಣನೆಯಲ್ಲಿ ಸೋಗೆಯ ಮಾಡು ಇದೆಯಂತೆ. ನಿಮಗೆ ಯಾರಾದರೂ ಸೋಗೆಯ ಮೇಲಿನ ಮಳೆಯ ಕಥೆ ಹೇಳಿದರೆ, ಅಡಿಕೆ ಮರ ಎಷ್ಟು ಎತ್ತರ ಬೆಳೆಯುತ್ತದೆ ಎಂದು ಒಂದು ಪ್ರಶ್ನೆ ಕೇಳಿ ನೋಡಿ.